ಜನವರಿಯ ಸೊಳ್ಳೆ

ಸರ್ ಕನ್ನಡಕ ತೆಗೆದರೆ ಮೂಗಿನ ಎರಡೂ ಬದಿಗೆ ಹುಣಸೆಬೀಜದಷ್ಟು ದೊಡ್ಡ ಕೆಂಪು ಗುಳಿಗಳು ಕಾಣುತ್ತಿದ್ದವು. ಹತ್ತನೆಯ ವಯಸ್ಸಿನಿಂದ ಹೊತ್ತ ಭಾರ ಅದು. ಆ ದಪ್ಪ ಗಾಜಿನ ಹಿಂದೆ ಅವರ ಕಣ್ಣು ಗುಲಗಂಜಿಯಷ್ಟಾಗಿ ಹೋಗುತ್ತಿತ್ತು. ಓದುವಾಗ ಮಾತ್ರ ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಮೂಗಿಗೆ ಹಚ್ಚಿಕೊಳ್ಳುತ್ತಿದ್ದರು.

ಧಾರವಾಡದವರು. ಎಂಜಿನಿಯರಾಗಿ ಈ ಹಿಮದ ದೇಶಕ್ಕೆ ಬಂದು ಇಲ್ಲೇ ನಿವೃತ್ತರಾಗಿ, ಶನಿವಾರ ಯೂನಿಯನ್‌ವಿಲ್ಲಿನ ಒಬ್ಬರ ಬೇಸ್‌ಮೆಂಟಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಬೇಸ್‌ಮೆಂಟು ಹೆಸರಿಗಷ್ಟೇ. ಅರ್ಧ ಗಂಟೆ ಒಳಗೆ, ಉಳಿದ ಪಾಠವೆಲ್ಲ ಹಿತ್ತಲಲ್ಲಿ. ಹಿಮ ಬಿದ್ದಿದ್ದರೆ ಅದರ ಮೇಲೆ ಕೋಲಿನಿಂದ ಕಾಗುಣಿತ ಬರೆಸುವವರು. ಮೂಗು ಸೋರುವ ಮಕ್ಕಳನ್ನು ಕಾರಿಗೆ ತುಂಬಿಕೊಳ್ಳುತ್ತ ನಾವು ತಾಯಂದಿರು ಗೊಣಗುತ್ತಿದ್ದೆವು. ನಾನೋ ಮೊದಲೇ ಬಾಯಿಬಡುಕಿ, ಕೇಳಿಯೇಬಿಟ್ಟೆ.

“ಬೆಳಕಿನ್ಯಾಗ ದೂರ ನೋಡ್ಲಿ ಬಿಡವಾ, ಕಣ್ಣಿಗೆ ಚಲೋ. ನಾ ಸಣ್ಣಾಂವ ಇದ್ದಾಗ ನನ್ನ ಯಾರೂ ಹೊರಗ ನೂಕಲಿಲ್ಲ” ಎಂದರು.

ನನ್ನ ಮಗಳಿಗೆ ಆಗ ಏಳು ವರ್ಷ. ಶಾಲೆಯಲ್ಲಿ ಅಕ್ಷರದ ಹಾಳೆ ತೂಗುಹಾಕಿ ಮಕ್ಕಳ ಕಣ್ಣು ನೋಡುತ್ತಾರೆಂದು ಚೀಟಿ ಬಂದಿತ್ತು. ಪರೀಕ್ಷೆ ಎಂದ ಕೂಡಲೇ ನಮ್ಮ ಪೈಕಿಯವರಿಗೆ ಒಂದೇ ಗೊತ್ತು: ಪೂರ್ತಿ ಅಂಕ ಬರಬೇಕು. ಒಂದಕ್ಷರವೂ ತಪ್ಪಬಾರದೆಂದು ಮಗಳಿಗೆ ತಾಕೀತು ಮಾಡಿ ಕಳಿಸಿದೆ. ಅವಳೂ ನನ್ನ ಮಗಳೇ ತಾನೆ, ಸರದಿಯಲ್ಲಿ ನಿಂತು ಮುಂದಿನವರು ಓದಿದ್ದನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿ ಬಂದಳು. ಎಲ್ಲ ಸರಿಯಾಯಿತೆಂದಳು. ನಾನು ಶಿರಾ ಮಾಡಿ ತಿನ್ನಿಸಿದೆ.

ಕಳ್ಳತನ ಹಿಡಿದವರು ಸರ್. ಹಿಮದ ಮೇಲಿನ ಅಕ್ಷರವನ್ನು ಮಗಳು ಯಾವಾಗಲೂ ಪಕ್ಕದವಳು ಹೇಳಿದ ಮೇಲೆಯೇ ಹೇಳುತ್ತಾಳೆಂದು ಗಮನಿಸಿದ್ದರು. ಒಂದು ದಿನ ಕ್ಯಾಲೆಂಡರಿನ ಹಿಂಬದಿಗೆ ಒಂದೇ ಒಂದು ‘ಕ’ ಬರೆದು, ಹಿತ್ತಲಿನ ಬೇಲಿಗೆ ಸಿಕ್ಕಿಸಿ, ನನ್ನ ಎದುರಿಗೇ ಅವಳನ್ನು ಕೇಳಿದರು. ಅವಳು ಅಕ್ಷರದ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಅತ್ತುಬಿಟ್ಟಳು.

ಆಗಲೂ ನಾನು ವಾದಕ್ಕೆ ನಿಂತೆ. ಈಗಲೇ ಚಸ್ಮಾ ಹಾಕಿದರೆ ನಂಬರು ಏರುತ್ತಲೇ ಹೋಗುತ್ತದೆ, ಹೆಣ್ಣುಮಗಳು ಬೇರೆ, ಎಂದೆ. ಸರ್ ಕನ್ನಡಕ ತೆಗೆದು ಮೂಗಿನ ಗುಳಿಗಳನ್ನು ತೋರಿಸಿದರು. “ನಮ್ಮವ್ವನೂ ಹಿಂಗ ಅಂದಿದ್ಲು. ಎರಡು ವರ್ಷ ತಡಾ ಮಾಡಿದ್ಲು. ಆ ಎರಡು ವರ್ಷ ನಾ ಕರೀ ಹಲಗಿನ ನೋಡಲಿಲ್ಲ.” ನನಗೆ ನಾಚಿಕೆಯಾಯಿತು. ರಿಚ್ಮಂಡ್ ಹಿಲ್ಲಿನ ಕಣ್ಣಿನ ಡಾಕ್ಟರ ಬಳಿಗೆ ಅವರೇ ಜೊತೆಗೆ ಬಂದರು. ವಸಂತದ ಹೊತ್ತಿಗೆ ನಂಬರು ಬೇಗ ಏರದಂತೆ ತಡೆಯುವ ಗಾಜು ಬಂತು, ಮಲಗುವ ಮುಂಚೆ ಹಾಕುವ ಹನಿ ಬಂತು. ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಬರುವ ದಾರಿಯಲ್ಲಿ ಮಗಳು, ಮರಕ್ಕೆ ಬಿಡಿಬಿಡಿ ಎಲೆ ಇರುತ್ತದೆಂದು ನನಗೇ ಇಂಗ್ಲಿಷಿನಲ್ಲಿ ವಿವರಿಸಿದಳು.

ದೊಡ್ಡವರಿಗೂ ಸರ್ ಒಂದು ಮಾತು ತಪ್ಪದೆ ಹೇಳುತ್ತಿದ್ದರು: “ದೊಡ್ಡ ನಂಬರಿನವರು ಕಣ್ಣಾಗ ಮಿಂಚು ಬಂದ್ರ, ಕರೀ ಚುಕ್ಕಿ ಹೆಚ್ಚಾದ್ರ, ಅವತ್ತ ದವಾಖಾನಿಗೆ ಓಡಬೇಕು. ನಾಳೆ ಅನ್ನಬಾರದು.” ಅವರ ಎಡಗಣ್ಣು ಎಂದೋ ಮಂಜಾಗಿತ್ತು. ನಡೆಸುತ್ತಿದ್ದದ್ದು ಬಲಗಣ್ಣೊಂದೇ.

ಒಂದು ಜನವರಿಯ ಶನಿವಾರ ಹಿಮದಲ್ಲಿ ನಿಂತು ಪಾಠ ಹೇಳುತ್ತಿದ್ದವರು ಮುಖದ ಮುಂದೆ ಮತ್ತೆ ಮತ್ತೆ ಕೈ ಬೀಸಿಕೊಂಡರು. “ಈ ಥಂಡ್ಯಾಗ ಸೊಳ್ಳಿ ಎಲ್ಲಿಂದ ಬಂದ್ವರೀ ಸರ್?” ಎಂದು ನಕ್ಕೆ. ತಾಯಂದಿರೆಲ್ಲ ನಕ್ಕರು. ಅವರೂ ನಕ್ಕರು.

ಮೂರನೆಯ ದಿನ ಆ ಬಲಗಣ್ಣಿಗೂ ಪರದೆ ಇಳಿಯಿತು. ಕಣ್ಣಿನ ಒಳಪದರ, ರೆಟಿನಾ, ಕಿತ್ತುಬಂದಿತ್ತು. ಎರಡು ಸಲ ಆಪರೇಷನ್ ಮಾಡಿದರೂ ದೃಷ್ಟಿ ಮರಳಲಿಲ್ಲ. “ಮೂವತ್ತು ವರ್ಷದಿಂದ ಕರೀ ಚುಕ್ಕಿ ನನ್ನ ಜೋಡಿ ಇದ್ವು, ತಂಗಿ. ಹೊಸಾವು ಬಂದದ್ದು ತಿಳೀಲಿಲ್ಲ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಎರಡು ವರ್ಷ ಇದ್ದರು. ತಿಂಗಳಿಗೊಮ್ಮೆ ಮಗಳನ್ನು ಥಾರ್ನ್‌ಹಿಲ್ಲಿನ ಅವರ ಹನ್ನೆರಡನೆಯ ಮಹಡಿಯ ಮನೆಗೆ ಕರೆದೊಯ್ಯುತ್ತಿದ್ದೆ. ಮೊದಲು ಅವಳ ನಂಬರು ಕೇಳುವರು, ಏರಿಲ್ಲವೆಂದರೆ ತಲೆದೂಗುವರು. ಆಮೇಲೆ ಅವಳನ್ನು ಕಿಟಕಿಗೆ ನಿಲ್ಲಿಸಿ, ದೂರದ್ದು ಏನೇನು ಕಾಣಿಸುತ್ತದೆ ಹೇಳು ಎನ್ನುವರು. ನನಗೆ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅವರಿಗೆ ಬಸ್ಸಿನ ನಂಬರು, ಕಾರಿನ ಬಣ್ಣ, ಬಾಲ್ಕನಿಯಲ್ಲಿ ಒಣಗಿದ ಅಂಗಿ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು.

ಕೊನೆಯ ಸಲ ಹೋದಾಗ ಹೊರಗೆ ಹಿಮ ಸುರಿಯುತ್ತಿತ್ತು, ಕಿಟಕಿಯಾಚೆ ಬರೀ ಬಿಳುಪು. ಮುದುಕರಿಗೆ ಸಮಾಧಾನವಾಗಲಿ, ಏನಾದರೂ ಕಟ್ಟಿ ಹೇಳು ಎಂದು ನಾನು ಕಣ್ಸನ್ನೆ ಮಾಡಿದೆ. ಮಗಳು ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು.

“ಏನೂ ಕಾಣವಲ್ದು ಸರ್.”

“ಖರೇ ಹೇಳಿದಿ ಕೂಸ” ಎಂದರು.

ಹತ್ತು ದಿನಕ್ಕೆ ಹೋಗಿಬಿಟ್ಟರು. ಖರೆ ಹೇಳದೆ ಉಳಿದವಳು ನಾನು. ಆ ಜನವರಿಯಲ್ಲಿ ಅವರು ಕೈ ಬೀಸಿದಾಗ, ನಗುವುದಕ್ಕೆ ಒಂದು ಕ್ಷಣ ಮೊದಲು, ಕರಿ ಚುಕ್ಕಿಯ ಅವರ ಮಾತು ನನಗೆ ನೆನಪಾಗಿತ್ತು. ಆದರೂ ನಕ್ಕೆ.