ವನಜಾಕ್ಷಿ ಮಿಸ್ ಹೇಳುತ್ತಿದ್ದ ‘ಏಳು’

ವನಜಾಕ್ಷಿ ಮಿಸ್ ಬಾಯಲ್ಲಿ ‘ಹ’ ಹೊರಡುತ್ತಿರಲಿಲ್ಲ. ಬಾಗಲೂರು ಕಡೆಯವರು. ಹಿಂಗೆ ಎಂದರೆ ಇಂಗೆ, ಹಾಲು ಎಂದರೆ ಆಲು, ಹೇಳು ಎಂದರೆ ಏಳು. ಯಲಹಂಕದ ನಮ್ಮ ಶಾಲೆಗೆ ಇಂಥವರನ್ನು ಗಣಿತಕ್ಕೆ ತಗೊಂಡರಲ್ಲಾ ಎಂದು ಸ್ಟಾಫ್ ರೂಮಿನಲ್ಲಿ ಮೊದಲು ನಕ್ಕವಳು ನಾನೇ. ನಾನೂ ಗಣಿತದವಳೇ.

ಐದನೇ ಕ್ಲಾಸಿನಲ್ಲಿ ಮೊದಲ ದಿನ ಬೋರ್ಡಿನ ಮೇಲೆ ಲೆಕ್ಕ ಬರೆದು, ಒಂದೊಂದೇ ಮಗುವಿಗೆ ಬೆರಳು ತೋರಿಸಿ “ಏಳು” ಎಂದರಂತೆ. ಒಬ್ಬ ಎದ್ದು ನಿಂತ. ಇನ್ನೊಬ್ಬ, ಉತ್ತರ ಏಳಿರಬೇಕು ಎಂದುಕೊಂಡು ಹಾಗೇ ಬರೆದುಬಿಟ್ಟ. ಮತ್ತೊಬ್ಬಳು ‘ಹೇಳು’ ಎಂದು ತಿಳಿದು ಲೆಕ್ಕವನ್ನೇ ಕಥೆಯ ಥರ ಹೇಳತೊಡಗಿದಳು. ನಾನಾಗಿದ್ದರೆ ನಾಚಿಕೆಯಿಂದ ಸತ್ತೇಹೋಗುತ್ತಿದ್ದೆ. ಈಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದನ್ನೇ ಲೆಸನ್ ಪ್ಲಾನ್ ಮಾಡಿಕೊಂಡರು. ಒಂದೇ ಪಾಠ ಮೂರು ಥರ: ಎದ್ದವರನ್ನು ಓಡಾಡಿಸಿ, ಬರೆದವರಿಂದ ಬರೆಸಿ, ಹೇಳಿದವರಿಗೆ ಕಥೆ ಕಟ್ಟಿ. ಉದ್ದೇಶ, ಉಪಕರಣ, ಮೌಲ್ಯಮಾಪನ ಎಂದು ನಾನು ಬಣ್ಣಬಣ್ಣದ ಪೆನ್ನಿನಲ್ಲಿ ಬರೆದ ಪ್ಲಾನಿಗೆ ಹೆಡ್‌ಮಿಸ್ ಟಿಕ್ ಹಾಕಿ ಕೊಟ್ಟರು. ವನಜಾಕ್ಷಿ ಮಿಸ್‌ದನ್ನು ಮೀಟಿಂಗಿನಲ್ಲಿ ಹೊಗಳಿದರು.

ಅದನ್ನಾದರೂ ನುಂಗಿಕೊಂಡೆ. ನುಂಗಲಾಗದ್ದು ನನ್ನ ಮಗಳ ವಿಷಯ. ಸಿಂಚನಾ ಇದ್ದದ್ದು ಅವರ ಕ್ಲಾಸಿನಲ್ಲೇ. ಕೂತಲ್ಲಿ ಕೂರದ ಹುಡುಗಿ. ಮನೆಯಲ್ಲಿ ಭಿನ್ನರಾಶಿ ಹೇಳಿಕೊಟ್ಟೂ ಹೇಳಿಕೊಟ್ಟೂ ನನ್ನ ಗಂಟಲು ಬಿದ್ದುಹೋಗಿತ್ತು. ಕೊನೆಗೆ ಅವಳು ಅಳುವಳು, ನಾನೂ ಅಳುವೆ. ಒಂದು ಸಂಜೆ ಚಪಾತಿ ಲಟ್ಟಿಸುತ್ತಿದ್ದೆ. ಹೊರಬಾಗಿಲಿನಿಂದ ನನ್ನ ಕಡೆಗೆ ನಡೆದು ಬರುತ್ತಿದ್ದವಳು ದಾರಿಯಲ್ಲೇ ನಿಂತು, “ಅಮ್ಮಾ, ಮುಕ್ಕಾಲು ಬಂದೆ. ಇನ್ನು ಕಾಲು ಭಾಗ ಇದೆ,” ಎಂದಳು. ಖುಷಿಪಡಬೇಕಿತ್ತು. ಹೊಟ್ಟೆ ಧಗಧಗ ಉರಿಯಿತು. ಯಾರು ಹೇಳಿಕೊಟ್ಟರು ಎಂದು ಕೇಳಬೇಕಾಗಿಯೇ ಇರಲಿಲ್ಲ, ಆದರೂ ಕೇಳಿದೆ.

ಮರುದಿನ ವನಜಾಕ್ಷಿ ಮಿಸ್ಸನ್ನು ತಡೆದು, ಅದೇ ಲೆಕ್ಕ ಹೆತ್ತ ತಾಯಿ ಹೇಳಿದರೆ ಯಾಕೆ ತಲೆಗೆ ಹೋಗಲ್ಲ ಎಂದು ನೇರವಾಗೇ ಕೇಳಿದೆ. ಅವರು ಟಿಫನ್ ಡಬ್ಬಿ ಮುಚ್ಚುತ್ತಾ, “ನೀವು ಏಳಾದು ಸರಿಯಾಗೇ ಐತೆ ಮಿಸ್. ಕೂರಿಸ್ಕೊಂಡು ಏಳ್ತೀರ, ಅದೇ ಎಡವಟ್ಟು. ಆ ಮಗೀಗೆ ಕಾಲು ಓಡುದ್ರೇ ತಲೆ ಓಡಾದು,” ಎಂದರು. ಒಂದಿಷ್ಟಾದರೂ ಜಂಬ ತೋರಿಸಿದ್ದರೆ ಜಗಳಕ್ಕೊಂದು ನೆಪವಾದರೂ ಸಿಗುತ್ತಿತ್ತು.

ಹೋದ ವರ್ಷ ಅವರಿಗೆ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೀಳ್ಕೊಡುಗೆಯ ದಿನ ಮಕ್ಕಳೆಲ್ಲ ಅತ್ತರು. ನಾನು ಹಾರ ಹಾಕಿ, ಸದ್ಯ, ಇನ್ನು ಮಗಳು ನನ್ನವಳಾದಳು ಎಂದುಕೊಂಡು ಮನೆಗೆ ಬಂದೆ.

ಮೊನ್ನೆ ಸಿಂಚನಾ ದಶಮಾಂಶದಲ್ಲಿ ಸಿಕ್ಕಿಹಾಕಿಕೊಂಡು ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ನನಗೆ ಗೊತ್ತಿದ್ದ ದಾರಿಗಳೆಲ್ಲ ಮುಗಿದಿದ್ದವು. ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅಪ್ಪಟ ಬಾಗಲೂರಿನ ಧಾಟಿಯಲ್ಲಿ “ಏಳು” ಎಂದೆ. ಎದ್ದು ನಿಲ್ಲುತ್ತಾಳೆ, ನಡೆಯುತ್ತಾಳೆ ಎಂದು ಕಾದೆ.

ಅವಳು ಕೂತಲ್ಲೇ ಪೆನ್ಸಿಲ್ ಕೆಳಗಿಟ್ಟಳು.

“ನೀನು ಹಂಗೆ ಅನ್ಬೇಡಮ್ಮ. ಅದು ಮಿಸ್‌ದು.”