ಆರ್ಲೀನ್ ಮತ್ತು ಕಾವಿಗೆ ಕೂತ ಹೆಬ್ಬಾವು

ಆರ್ಲೀನ್ ಟಿಪಿನ್ಸ್ ಹುಟ್ಟಿ ಬೆಳೆದದ್ದು ಎವರ್‌ಗ್ಲೇಡ್ಸ್ ಜೌಗಿನ ಅಂಚಿನಲ್ಲಿ. ಅವಳ ಅಪ್ಪ ಕಪ್ಪೆ ಹಿಡಿದು ಮಾರಿ ನಾಲ್ಕು ಮಕ್ಕಳನ್ನು ಸಾಕಿದವನು. ಆಗ ಕಾಲುವೆಯ ದಂಡೆಯಲ್ಲಿ ನಡೆದರೆ ಮೊಲಗಳು ಕಾಲಿಗೆ ಅಡ್ಡ ಸಿಗುತ್ತಿದ್ದವು. ಯಾರೋ ಆಸೆಗೆ ತಂದು, ಬೆಳೆದ ಮೇಲೆ ಸಾಕಲಾರದೆ ಬಿಟ್ಟುಹೋದ ಹೆಬ್ಬಾವುಗಳು ಆಮೇಲೆ ಜೌಗಿನ ತುಂಬ ಹಬ್ಬಿದವು, ಮೊಲಗಳನ್ನು ನುಂಗಿ ದಂಡೆ ಬರಿದು ಮಾಡಿದವು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಬಿಟ್ಟ ಮೇಲೆ, ಐವತ್ತೆಂಟನೆಯ ವಯಸ್ಸಿನಲ್ಲಿ, ಆರ್ಲೀನ್ ಹೆಬ್ಬಾವು ಹಿಡಿದು ಕೊಲ್ಲುವವರ ಸರ್ಕಾರಿ ಪಟ್ಟಿಗೆ ಹೆಸರು ಕೊಟ್ಟಳು.

ಜೊತೆಗೆ ಓಸ್ವಾಲ್ಡೊ ಪೆರಾಸ ಇದ್ದ. ಕ್ಯೂಬಾದವನು, ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಈಗ ಹಿಂದೆ ದೊಡ್ಡ ಫ್ಯಾನ್ ಇರುವ ಅವಳ ದೋಣಿ ನಡೆಸುತ್ತಿದ್ದ. ಹಾವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನಾನು ಕಾಲುವೆ ರಸ್ತೆಯಲ್ಲಿ ಗಾಳದ ಹುಳು, ಕಾಫಿ ಮಾರುವವಳು. ಆ ಮೇ ತಿಂಗಳ ಬೆಳಗ್ಗೆ ನಡೆದದ್ದನ್ನು ಇಬ್ಬರೂ ನನ್ನ ಅಂಗಡಿಯಲ್ಲೇ ಕೂತು ಹೇಳಿದರು.

ಹುಲ್ಲು ಮಲಗಿದ ಜಾಡು ಹಿಡಿದು ಅವರು ಮರಗಳು ಬೆಳೆದ ಒಂದು ದಿಬ್ಬಕ್ಕೆ ಬಂದರು. ಜರಿಗಿಡಗಳ ಕೆಳಗೆ ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕಾವಿಗೆ ಕೂತಿತ್ತು.

"ಎಷ್ಟುದ್ದ ಇದೆ?" ಓಸ್ವಾಲ್ಡೊ ದೋಣಿಯಿಂದಲೇ ಕೇಳಿದ.

"ತಲೆ ಕಾಣ್ತಿದೆ. ಬಾಲ ಎಲ್ಲಿದೆ ಗೊತ್ತಾಗ್ತಿಲ್ಲ."

"ಹಾಗಾದ್ರೆ ನಡಿ ತಾಯಿ, ಹೋಗೋಣ. ಬಾಲ ಕಂಡ ದಿನ ಬರೋಣ."

ಆರ್ಲೀನ್ ಕೈ ಹಾಕಿದಳು. ಹಾವಿನ ಕುತ್ತಿಗೆಗಿಂತ ಎರಡು ಬೆರಳು ಕೆಳಗೆ ಬಿತ್ತು ಹಿಡಿತ. ಹಾವು ತಲೆ ತಿರುಗಿಸಿ ಬಲ ಮಣಿಕಟ್ಟಿಗೆ ಹಲ್ಲು ನೆಟ್ಟಿತು. ತೋಳಿಗೊಂದು ಸುತ್ತು, ಸೊಂಟಕ್ಕೊಂದು ಸುತ್ತು ಬಿತ್ತು. ಕಾಲು ಜಾರಿ ಅವಳು ಹಾವಿನ ಸಮೇತ ಮೊಣಕಾಲುದ್ದದ ನೀರಿಗೆ ಉರುಳಿದಳು. ಮೂರನೆಯ ಸುತ್ತು ಪಕ್ಕೆಲುಬಿನ ಮೇಲೆ. ಅವಳು ಉಸಿರು ಬಿಟ್ಟಷ್ಟೂ ಅದು ಬಿಗಿಯಾಗುತ್ತಿತ್ತು. ಎಳೆದುಕೊಳ್ಳಲು ಜಾಗ ಕಡಿಮೆಯಾಗುತ್ತಿತ್ತು.

"ಬಾಲ," ಅಂದಳು. "ಬಾಲದಿಂದ ಬಿಚ್ಚು."

ಓಸ್ವಾಲ್ಡೊನ ಕಾಲು ದೋಣಿಗೆ ಅಂಟಿದಂತಾಗಿತ್ತು. ಅವಳ ಗಲ್ಲ ನೀರಿಗೆ ತಾಗಿದ್ದು ಕಂಡಿತು. ಯಾವಾಗ ಧುಮುಕಿದೆನೋ ನೆನಪಿಲ್ಲ ಎನ್ನುತ್ತಾನೆ. ಕೆಸರಿನಲ್ಲಿ ತಡಕಾಡಿದ. ಬಾಲ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಅಂಗಿಯ ತುದಿ ಸುತ್ತಿ ಹಿಡಿದುಕೊಂಡ.

"ಎಡಕ್ಕೆ."

"ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

"ಪೆದ್ದಾ... ಬಿಚ್ಚೋ ಕಡೆಗೆ."

ಬಾಲವನ್ನು ಎದೆಗೊತ್ತಿಕೊಂಡು ಅವನು ಅವಳ ಸುತ್ತ ನೀರಿನಲ್ಲೇ ನಡೆದ. ಒಂದು ಸುತ್ತು ಸಡಿಲಿತು. ಇನ್ನೊಂದಕ್ಕೆ ಎರಡು ಸಲ ಬಿದ್ದೆದ್ದ. ಪಕ್ಕೆಯ ಬಿಗಿತ ಬಿಟ್ಟದ್ದೇ ಆರ್ಲೀನ್ ಕೆಸರುನೀರಿನ ಸಮೇತ ಉಸಿರೆಳೆದುಕೊಂಡು ಕೆಮ್ಮಿದಳು. ಆಮೇಲೆ ಎಡಗೈಯಲ್ಲಿ ಹಾವಿನ ದವಡೆ ಬಿಡಿಸಿದಳು. ಓಸ್ವಾಲ್ಡೊ ಕಣ್ಣು ಮುಚ್ಚಿ ಅದರ ತಲೆ ಒತ್ತಿಹಿಡಿದ. ಮುಗಿಸುವ ಕೆಲಸ ಅವಳೇ ಮಾಡಿದಳು.

ಹದಿನಾರು ಅಡಿ ಇತ್ತು. ಮೊಟ್ಟೆ ಐವತ್ತೊಂದು. ರಕ್ತ ಸೋರುವ ಕೈಗೆ ಬಟ್ಟೆ ಬಿಗಿದು, ಅವಳು ಒಂದು ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು.

"ಇನ್ನೂ ಬಿಸಿ ಇದೆ," ಅಂದಳು. "ಈ ಹಾವು ತಾನಾಗೇ ಇಲ್ಲಿಗೆ ಬಂದಿದ್ದಲ್ಲ. ಮರಿ ಕಾಯ್ತಾ ಇತ್ತು, ಅಷ್ಟೇ."

"ಬಿಟ್ಟು ಹೋಗೋಣ ಅಂತೀಯಾ?"

"ಇಲ್ಲ. ಚೀಲ ತಾ."

ಐವತ್ತೊಂದನ್ನೂ ತುಂಬಿದರು.

ಮಣಿಕಟ್ಟಿನ ಎರಡು ನರ ಕಡಿದುಹೋಗಿದ್ದವು. ಹೊಲಿಗೆ ಹಾಕಿದರೂ ಬಲಗೈಯ ಹಿಡಿತ ಪೂರ್ತಿ ಬರಲಿಲ್ಲ. ಕಾಫಿ ಲೋಟ ಎತ್ತಲೂ ಎರಡು ಕೈ ಬೇಕಾಯಿತು. ಇನ್ನು ಜೌಗಿಗೆ ಕಾಲಿಡಕೂಡದೆಂದು ಮಗಳು ರೋಬರ್ಟಾ ಹಟ ಹಿಡಿದಳು. ಆರ್ಲೀನ್ ಆಗಲಿ ಅಂದಳು. ಬೇಸಿಗೆಯೆಲ್ಲ ಜಗಲಿಯಲ್ಲಿ ಕೂತು ರಬ್ಬರ್ ಚೆಂಡು ಹಿಸುಕಿದಳು. ಹೇಗಿದ್ದೀಯೆಂದು ಕೇಳಿದರೆ ಸಿಡುಕುತ್ತಿದ್ದಳು.

ಜನವರಿಯ ಒಂದು ಚಳಿ ಬೆಳಗ್ಗೆ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದಳು. ಮೊಣಕಾಲವರೆಗೂ ಒದ್ದೆ. ಹಿಂದೆ ಓಸ್ವಾಲ್ಡೊ ಗೋಣಿಚೀಲವನ್ನು ಮೈಯಿಂದ ದೂರ ಹಿಡಿದು ನಿಂತಿದ್ದ. ಚೀಲ ಮೆಲ್ಲಗೆ ಮಿಸುಕುತ್ತಿತ್ತು.

"ಏಳಡಿ," ಅಂದಳು ಆರ್ಲೀನ್. "ಎಡಗೈಲಿ ಹಿಡಿದೆ."

ಬಯ್ಯಲು ಹೊರಟವಳು ಅವಳ ಮುಖ ನೋಡಿ ಕಾಫಿ ಲೋಟ ಮುಂದಿಟ್ಟೆ.

"ರೋಬರ್ಟಾಗೆ ಹೇಳ್ಬೇಡ."

ನಾನು ಹೇಳಲಿಲ್ಲ. ಆದರೆ ಊರು ಚಿಕ್ಕದು; ಮಧ್ಯಾಹ್ನದೊಳಗೆ ಮಗಳ ಕಾರು ಬಂದು ಅಂಗಡಿಯ ಮುಂದೆ ನಿಂತಿತು.