ಕಾಟುಮಾವಿನ ಪೊಟರೆಯ ಮಂಗಟ್ಟೆ

ಪುಂಜಾಲಕಟ್ಟೆಯ ಕಾಂತಿಗೆ ಗಡಿಯಾರ ಬೇಡ. ಮೂವತ್ತು ವರ್ಷ ಬೀಡಿ ಕಟ್ಟಿದ ಕೈ. ಇಪ್ಪತ್ತೈದು ಬೀಡಿಯ ಒಂದು ಕಟ್ಟಿಗೆ ಎಷ್ಟು ಹೊತ್ತು ಬೇಕೆಂದು ಬೆರಳಿಗೇ ಗೊತ್ತು. ಅಂಗಳದಲ್ಲಿ ಕೂತು ಬೀಡಿ ಸುತ್ತುತ್ತಾ ಅವಳು ನೋಡುತ್ತಿದ್ದುದು ಎದುರಿನ ಕಾಟುಮಾವಿನ ಮರವನ್ನು. ಅದರ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಮಣ್ಣು, ಹಿಕ್ಕೆ ಮೆತ್ತಿ ಬಾಗಿಲು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು ಮರಿಗಳೊಡನೆ ಕೂತಿತ್ತು. ಗಂಡು ತಂದುಕೊಟ್ಟರೆ ಊಟ, ಇಲ್ಲವಾದರೆ ಉಪವಾಸ.

ನಾಲ್ಕು ಕಟ್ಟಿಗೊಮ್ಮೆ ಗಂಡು ಬರುತ್ತಿತ್ತು. ಗೋಳಿಹಣ್ಣು, ಜೀರುಂಡೆ, ಒಮ್ಮೊಮ್ಮೆ ಓತಿಯ ಮರಿ. "ಇದು ಗಂಡಸು! ನಮ್ಮವರಿಗೆ ಒಂದು ಲೋಟ ನೀರು ಕೇಳಿದ್ರೆ ಕಿವಿ ಕೇಳುದಿಲ್ಲ" ಎಂದು ಗಂಡ ನಿತ್ಯಾನಂದನಿಗೆ ಕೇಳುವ ಹಾಗೆಯೇ ಹೇಳುವಳು.

ಆ ಏಪ್ರಿಲಿನಲ್ಲಿ ಒಂದು ಮಧ್ಯಾಹ್ನದಿಂದ ಗಂಡಿನ ಪತ್ತೆಯಿಲ್ಲ. ಮರುದಿನ ಬೆಳಿಗ್ಗೆ ಹತ್ತು ಕಟ್ಟು ಮುಗಿದರೂ ಬರಲಿಲ್ಲ. ಕಿರುಚುತ್ತಿದ್ದ ಮರಿಗಳು ಸುಮ್ಮನಾದವು. ಕಾಂತಿಗೆ ಹೆದರಿಕೆಯಾಯಿತು. ಬೀಡಿಯ ಮೊರವನ್ನು ಅಲ್ಲೇ ಬಿಟ್ಟು ಬೇಲಿಗೆ ಓಡಿದಳು. ಬಾವಲಿಯ ಕಾಟಕ್ಕೆ ಚಿಕ್ಕು ಮರಕ್ಕೆ ಬಲೆ ಹಾಕುವವರು ನೆರೆಮನೆಯ ಅಬ್ದುಲ್ ಶುಕೂರ್.

"ನಿಮ್ಮ ಬಲೆಗೆ ನನ್ನ ಹಕ್ಕಿ ಬಲಿಯಾಯ್ತಾ ಶುಕೂರಾಕ?"

"ಬಲೆ ತೆಗೆದು ತಿಂಗಳಾಯ್ತು ಮಾರಾಯ್ತಿ, ಬಂದು ನೋಡಿ. ನಿಮ್ಮ ಬಚ್ಚಲಿನ ಹಿಂದಿನ ಚಿಕ್ಕುಗೂ ಬಲೆ ಉಂಟಲ್ಲ, ಅದನ್ನು ನೋಡಿದ್ರಾ?"

ಕಾಂತಿ ಬಚ್ಚಲಿನ ಹಿಂದಕ್ಕೆ ಓಡಿದಳು, ಶುಕೂರ್ ಬೇಲಿ ದಾಟಿ ಹಿಂದೆಯೇ ಬಂದರು. ಹತ್ತು ದಿನದ ಹಿಂದೆ ನಿತ್ಯಾನಂದನ ಬೆನ್ನು ಬಿದ್ದು, ಹಳೆಯ ಮೀನುಬಲೆ ತರಿಸಿ ಹೊದೆಸಿದವಳು ಅವಳೇ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದೆಲೆಯ ನೊಣ ತೋರಿಸಿದ ಹಾಗಾಯಿತು.

ಗಂಡು ಮಂಗಟ್ಟೆ ರೆಕ್ಕೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಕಣ್ಣಿಗೆ ಇರುವೆ ಹತ್ತಿತ್ತು. ಕೊಕ್ಕಿನಲ್ಲಿ ಗೋಳಿಹಣ್ಣು ಹಾಗೆಯೇ ಇತ್ತು.

"ನಾನೇ ಕೊಂದೆ" ಎಂದಳು ಕಾಂತಿ.

"ಅಳುದು ಆಮೇಲೆ. ಒಳಗಿರುವವು ಬದುಕ್ಬೇಕಲ್ಲ?" ಎಂದ ಶುಕೂರ್ ಏಣಿ ತಂದರು. ಬಿದಿರುಕೋಲಿನ ತುದಿ ಸೀಳಿ, ಅದಕ್ಕೆ ಗೋಳಿಹಣ್ಣು ಸಿಕ್ಕಿಸಿದರು. ನಿತ್ಯಾನಂದ ಬಂದು ಏಣಿಯನ್ನು ಕಾಟುಮಾವಿಗೆ ಆನಿಸಿ ಹಿಡಿದ. ಕಾಂತಿ ಹತ್ತಿ ಕೋಲನ್ನು ಸೀಳಿನ ಬಳಿಗೊಯ್ದಳು. ಕೊಕ್ಕು ರಪ್ಪನೆ ಬಡಿಯಿತು, ಹಣ್ಣು ಕೆಳಗೆ. ಎರಡನೆಯದೂ ಕೆಳಗೆ.

"ಅದಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ" ಎಂದ ನಿತ್ಯಾನಂದ.

"ಯಾಕೆ ಇರ್ಬೇಕು?" ಎಂದಳು ಅವಳು.

ಮೂರನೆಯ ಹಣ್ಣು ಹಿಡಿದು ನಿಂತಳು. ಬೆವರು ಕಣ್ಣಿಗಿಳಿಯಿತು. ಇಳಿಯಿರೆಂದರು ಶುಕೂರ್, ಅವಳು ಇಳಿಯಲಿಲ್ಲ. ಪೊಟರೆಯೊಳಗೆ ಒಂದು ಮರಿ ಸಣ್ಣಗೆ ಕೂಗಿತು. ಕೊಕ್ಕು ನಿಧಾನವಾಗಿ ಹೊರಬಂದು, ತಡೆದು, ಹಣ್ಣನ್ನು ಕಿತ್ತುಕೊಂಡು ಒಳಸರಿಯಿತು.

"ನನ್ನ ಕೈಯಿಂದಲೇ ತಿಂತು ನೋಡಿ" ಎಂದು ಕಾಂತಿ ಏಣಿಯ ಮೇಲೆಯೇ ಬಿಕ್ಕಿ ಬಿಕ್ಕಿ ಅತ್ತಳು. ಕೊಕ್ಕು ಮತ್ತೆ ಹೊರಗೆ ಬಂದು ಇನ್ನೊಂದಕ್ಕೆ ಬಾಯಿ ತೆರೆಯಿತು.